ಅಣ್ಣನ ಹುಟ್ಟುಹಬ್ಬಕ್ಕೆ ಯಾವ ಶಾಂಪೇನು?

ಶಾಂಪೇನ್ ಚಿಮ್ಮಿಸಿ ನೆಚ್ಚಿನ ನಾಯಕನ ಹುಟ್ಟುಹಬ್ಬ ಆಚರಿಸಿದ ಸುದ್ದಿ ಈ ವಾರವೂ ಬಂದಿದೆ. ಓದದಿದ್ದವರು ವಿಡಿಯೋ ನೋಡಿರುತ್ತೀರಿ. ಯಾವ ನಾಯಕ, ಯಾವ ಸರ್ಕಲ್ಲು ಅಂತ ಕೇಳಿ ಪ್ರಯೋಜನವಿಲ್ಲ. ಚಿಂತಾಮಣಿಯಲ್ಲಿ ಕಂಡದ್ದೇ ಶಿಡ್ಲಘಟ್ಟದಲ್ಲಿ, ಶಿಡ್ಲಘಟ್ಟದಲ್ಲಿ ಕಂಡದ್ದೇ ಮಾಲೂರಿನಲ್ಲಿ. ಕ್ರೇನಿಗೆ ನೇತುಬಿಟ್ಟ ಸೇಬಿನ ಹಾರ, ಜೆಸಿಬಿ ಬಕೆಟ್ಟಿನಿಂದ ಹೂಮಳೆ, ಮೂರು ಅಂತಸ್ತಿನ ಕೇಕು, ಆಮೇಲೆ ಬಾಟ್ಲಿ. ದ್ರಾಕ್ಷಿ ಬೆಳೆಯುವ ಸೀಮೆಯ ನಾಯಕನ ಕೊರಳಿಗೆ ಸೇಬು. ನಮ್ಮವರ ವಿಶಾಲ ಮನಸ್ಸಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ವಿಡಿಯೋ ನಿಲ್ಲಿಸಿ ಬಾಟ್ಲಿ ನೋಡಿ. ಚಿನ್ನದ ಬಣ್ಣದ ಕಾಗದ, ಪ್ಲಾಸ್ಟಿಕ್ ಬಿರಡೆ, ಬೇಕರಿಯಲ್ಲಿ ಕೇಕಿನ ಜೊತೆಗೇ ಕೊಡುವ ಗ್ಯಾಸ್ ತುಂಬಿದ ಹಣ್ಣಿನ ರಸ. ಆಲ್ಕೊಹಾಲ್ ಸೊನ್ನೆ. ಅದನ್ನು ಶಾಂಪೇನ್ ಅಂತ ಬರೆದದ್ದು ವರದಿಗಾರರ ಔದಾರ್ಯ. ಶಾಂಪೇನ್ ಅನ್ನುವುದು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಲ್ಲಿ, ಅಲ್ಲಿಯದೇ ದ್ರಾಕ್ಷಿಯನ್ನು ಕೈಯಿಂದಲೇ ಕೊಯ್ದು, ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿಟ್ಟು ಮಾಡುವ ವೈನು. ಇಷ್ಟು ವರ್ಷ ಅದಕ್ಕೆ ಶೇ. 150 ಆಮದು ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ. ಬಾಟ್ಲಿಗೆ ಐದು ಸಾವಿರದ ಕೆಳಗೆ ಸಿಗುವುದು ಕಷ್ಟ. ಅಷ್ಟು ಕೊಟ್ಟು ತಂದದ್ದನ್ನು ಅಲ್ಲಾಡಿಸಿ ರಸ್ತೆಗೆ ಚೆಲ್ಲುವಷ್ಟು ಪ್ರೀತಿ ಅಣ್ಣನ ಮೇಲೆ ಯಾರಿಗೂ ಇಲ್ಲ, ಅಣ್ಣನಿಗೂ ಅದು ಗೊತ್ತು.

ಚೆಲ್ಲುವ ಈ ಪದ್ಧತಿಗೊಂದು ಮೂಲಪುರುಷ ಇದ್ದಾನೆ. 1967ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಕಾರ್ ರೇಸ್ ಗೆದ್ದ ಅಮೆರಿಕದ ಡ್ಯಾನ್ ಗರ್ನಿ ಖುಷಿ ತಡೆಯಲಾರದೆ ಎದುರಿಗಿದ್ದವರ ಮೇಲೆಲ್ಲ ಶಾಂಪೇನ್ ಎರಚಿದ. ಅಂದಿನಿಂದ ರೇಸ್ ಗೆದ್ದವರೆಲ್ಲ ಎರಚುತ್ತಿದ್ದಾರೆ. ಒಂದು ಹಗಲು ಒಂದು ರಾತ್ರಿ ಪಾಳಿಯ ಮೇಲೆ ಕಾರು ಓಡಿಸಿದ ಮೇಲೆ ಎರಚಲಿ ಬಿಡಿ. ನಮ್ಮವರು ಸ್ಕಾರ್ಪಿಯೋದಲ್ಲಿ ಹಿಂದಿನ ಸೀಟಿನಲ್ಲಿ ಕೂತು, ಟೋಲ್ ಕಟ್ಟದೆ ಬಂದು ಎರಚುತ್ತಾರೆ. ಸಾಧನೆಯಲ್ಲಿ ಹೆಚ್ಚು ಕಡಿಮೆ ಇರಬಹುದು, ಉತ್ಸಾಹದಲ್ಲಿ ಇಲ್ಲ.

ಇರಲಿ. ಮುಂದಿನ ವರ್ಷಕ್ಕಾದರೂ ಅಭಿಮಾನಿ ಬಳಗ, ಶಾಂಪೇನ್ ಅಲ್ಲದಿದ್ದರೂ ಅದರ ಹಾಗೆ ಗುಳ್ಳೆಯೇಳುವ ನಿಜವಾದ ವೈನಿನ ಬಾಟ್ಲಿ ತರಲಿ ಎಂಬ ಸದಾಶಯದಿಂದ ಕೆಲವು ಮಾತು.

ಮೊದಲ ಕಷ್ಟ ಅಂಗಡಿ. ಚಿಕ್ಕಬಳ್ಳಾಪುರದ ವೈನ್ ಸ್ಟೋರಿಗೆ ಹೋಗಿ ವೈನ್ ಕೇಳಿದರೆ ಗ್ರಿಲ್ಲಿನ ಹಿಂದಿನ ಹುಡುಗ ಒಂದು ಸಲ ಮುಖ ನೋಡುತ್ತಾನೆ. 'ವೈನಾ? ಯಾರಿಗ್ ಹುಷಾರಿಲ್ಲಣ್ಣ?' ಆಮೇಲೆ ಮೇಲಿನ ಹಲಗೆಯಿಂದ ಸಿಹಿ ಪೋರ್ಟ್ ವೈನ್ ಇಳಿಸಿ ಧೂಳು ಒರೆಸಿ ಕೊಡುತ್ತಾನೆ. ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್ ಕೇಳಿದರೆ ಬೀರು ತೋರಿಸುತ್ತಾನೆ. ಅವನದೇನೂ ತಪ್ಪಿಲ್ಲ, ಕೇಳಿದವರಿದ್ದರೆ ತರಿಸುತ್ತಿದ್ದ. ಕೊನೆಗೆ ದೇವನಹಳ್ಳಿ ದಾಟಿ ಬೆಂಗಳೂರಿನ ಕಡೆಗೆ ಹೋಗಬೇಕು. ಅಲ್ಲಿಯೂ ಕಿಟಕಿ ಪಕ್ಕದಲ್ಲಿ ಬಿಸಿಲಿಗೆ ನಿಂತ ಬಾಟ್ಲಿ ಬೇಡ, ಒಳಗಿನ ಡಬ್ಬಿಯಿಂದ ಕೊಡಿ ಅನ್ನಿ. ಬೆಳಕು, ಸೆಕೆ ಎರಡೂ ಈ ವೈನನ್ನು ಕೆಡಿಸುತ್ತವೆ. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ಮಾತು ಸಾವಿರ, ಎರಡು ಸಾವಿರದ ಬಾಟ್ಲಿಗೆ ಹೊಂದುವುದಿಲ್ಲ. ಲೇಬಲ್ಲಿನಲ್ಲಿ ತಯಾರಾದ ತಿಂಗಳು ನೋಡಿ, ಹೊಸದನ್ನೇ ತನ್ನಿ.

ಯಾವುದು? ಸಾವಿರದ ಆಸುಪಾಸಿನಿಂದ ಎರಡು ಸಾವಿರದವರೆಗೆ ನಮ್ಮ ದೇಶದ್ದೇ ಸಿಗುತ್ತದೆ. ಸುಲಾ ಬ್ರೂಟ್ ನಾಸಿಕದ್ದು. ಶಾಂಡೋನ್ ನಾಸಿಕದ ದಿಂಡೋರಿಯದ್ದು, ಹಿಂದಿರುವುದು ಫ್ರೆಂಚ್ ಕಂಪನಿ. ಫ್ರಾಟೆಲ್ಲಿಯ ಗ್ರಾನ್ ಕುವೇ ಸೊಲ್ಲಾಪುರದ ಅಕ್ಲುಜ್‌ನದು. ಮೂರರಲ್ಲೂ ಶಾಂಪೇನಿನ ಹಾಗೆ ಬಾಟ್ಲಿಯೊಳಗೇ ಎರಡನೆಯ ಹುದುಗು ಬಂದು ಗುಳ್ಳೆ ಹುಟ್ಟುತ್ತದೆ, ಅದಕ್ಕೇ ಗುಳ್ಳೆ ಸಣ್ಣ, ಬಹಳ ಹೊತ್ತು ಏಳುತ್ತಿರುತ್ತದೆ. ಇಟಲಿಯ ಪ್ರೊಸೆಕ್ಕೊದಲ್ಲಿ ಆ ಹುದುಗು ದೊಡ್ಡ ಟ್ಯಾಂಕಿನಲ್ಲಿ ಆಗುತ್ತದೆ. ಹಣ್ಣಿನ ಘಮ ಜಾಸ್ತಿ, ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಸುಂಕ ಕಟ್ಟಿ ಬರಬೇಕು. ಸೋಡಾದಂತೆ ಗ್ಯಾಸ್ ತುಂಬಿದ್ದಾದರೆ ಗುಳ್ಳೆ ದಪ್ಪ, ಭಾಷಣ ಮುಗಿಯುವಷ್ಟರಲ್ಲಿ ಸಪ್ಪೆ. ನಮ್ಮ ಕಡೆ ಭಾಷಣದ ಉದ್ದ ನೋಡಿದರೆ ಯಾವುದೂ ತಡೆಯಲಾರದು, ಅದು ಬೇರೆ ವಿಷಯ.

ಈಗ ಕೇಕು. ಬಹುಪಾಲು ಜನ ಎಡವುವುದು ಇಲ್ಲೇ. ಲೇಬಲ್ಲಿನಲ್ಲಿರುವ ಬ್ರೂಟ್, ಡೆಮಿ-ಸೆಕ್ ಇವೆಲ್ಲ ಸಿಹಿಯ ಅಳತೆ. ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಮಿನೊಳಗೆ ಸಕ್ಕರೆ. ಡ್ರೈ ಅಂದರೆ ಸಿಹಿಯಿಲ್ಲದ್ದು, ಆದರೂ ಎಕ್ಸ್‌ಟ್ರಾ ಡ್ರೈ ಅಂತ ಬರೆದದ್ದರಲ್ಲಿ 12ರಿಂದ 17 ಗ್ರಾಮು, ಅಂದರೆ ಬ್ರೂಟ್‌ಗಿಂತ ಅದೇ ಹೆಚ್ಚು ಸಿಹಿ. ಡೆಮಿ-ಸೆಕ್‌ನಲ್ಲಿ 32ರಿಂದ 50. ಮೈಸೂರುಪಾಕ್ ತಿಂದು ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲ ಅನಿಸುವ ಹಾಗೆ, ಕ್ರೀಮು ಮೆತ್ತಿದ ಬಾಯಿಗೆ ಬ್ರೂಟ್ ಬರೀ ಹುಳಿ. ಅಣ್ಣ ಮುಖ ಸಿಂಡರಿಸುತ್ತಾರೆ, ಫೋಟೋ ಕೆಡುತ್ತದೆ, ತಂದವನಿಗೆ ಮುಂದಿನ ಸಲ ಟಿಕೆಟ್ ಇಲ್ಲ. ಕೇಕಿಗೆ ಡೆಮಿ-ಸೆಕ್ ತನ್ನಿ. ಬ್ರೂಟ್ ತಂದಿದ್ದರೆ ಕೇಕಿಗಿಂತ ಮುಂಚೆ, ಮಸಾಲೆ ಕಡಲೆಬೀಜವೋ ಅಂಬೊಡೆಯೋ ಕೊಟ್ಟು ಹಂಚಿಬಿಡಿ. ಉಪ್ಪು, ಎಣ್ಣೆ ಎರಡಕ್ಕೂ ಅದು ಅಷ್ಟು ಒಗ್ಗುತ್ತದೆ.

ಲೆಕ್ಕ ಸರಳ. ಬಾಟ್ಲಿ 750 ಮಿಲಿ, ತಲೆಗೆ 100 ಮಿಲಿ ಸುರಿದರೆ ಏಳು ಜನಕ್ಕೆ. ಇನ್ನೂರು ಜನಕ್ಕೆ 29, ನೊರೆಯಲ್ಲಿ ಹೋಗುವುದು ಸೇರಿಸಿ 30. ಬಾಟ್ಲಿಗೆ 1,300 ಅಂತಿಟ್ಟುಕೊಂಡರೂ 39,000 ರೂಪಾಯಿ. ದುಬಾರಿ ಅನಿಸಿದರೆ ರಸ್ತೆಯುದ್ದಕ್ಕೂ ಕಟ್ಟಿದ ಫ್ಲೆಕ್ಸ್ ಎಣಿಸಿ. ಕಲ್ಯಾಣ ಮಂಟಪದಲ್ಲಿ ಹಂಚುವುದಾದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಲೈಸೆನ್ಸ್ ತೆಗೆಸಬೇಕು. ಅಣ್ಣನ ಹೆಸರು ಹೇಳಿದರೆ ಸಾಲದೆ ಅಂತ ಕೇಳುವವರಿಗೆ ಉತ್ತರವಿಲ್ಲ.

ತಣ್ಣಗೆ ಮಾಡುವುದಕ್ಕೆ ಫ್ರೀಜರಿಗೆ ಮಾತ್ರ ತುರುಕಬೇಡಿ. ಮರೆತರೆ ಒಳಗೆ ಹೆಪ್ಪುಗಟ್ಟಿ ಬಾಟ್ಲಿ ಒಡೆಯುತ್ತದೆ. ನೀಲಿ ಡ್ರಮ್ಮಿಗೆ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು ಹಾಕಿ ಕತ್ತಿನವರೆಗೆ ಮುಳುಗಿಸಿ, ಅರ್ಧ ಗಂಟೆ ಸಾಕು. ಬರೀ ಐಸಾದರೆ ಸಂದಿನಲ್ಲಿ ಗಾಳಿ ನಿಂತು ತಣಿಯುವುದು ನಿಧಾನ. 6ರಿಂದ 8 ಡಿಗ್ರಿಗೆ ಇಳಿಯಬೇಕು. ಬೆಚ್ಚಗಿದ್ದಷ್ಟೂ ಗ್ಯಾಸ್ ಒಳಗೆ ನಿಲ್ಲದೆ ನೊರೆಯಾಗಿ ಹೊರಗೆ ನುಗ್ಗುತ್ತದೆ.

ತೆಗೆಯುವುದು ಇನ್ನೂ ಮುಖ್ಯ. ಒಳಗಿನ ಒತ್ತಡ 70ರಿಂದ 90 ಪಿಎಸ್‌ಐ, ಅಣ್ಣನ ಕಾರಿನ ಟೈರಿಗೆ ಹಾಕುವುದು 32–35. ಕಾಗದ ಸುಲಿದು, ಬಿರಡೆಯ ಮೇಲೆ ಹೆಬ್ಬೆರಳು ಒತ್ತಿಟ್ಟುಕೊಂಡೇ ತಂತಿಯನ್ನು ಆರು ಸಲ ಅರ್ಧರ್ಧ ಸುತ್ತು ತಿರುಗಿಸಿ ಬಿಚ್ಚಿ. ಮೇಲೊಂದು ಟವೆಲ್ಲು. ಬಾಟ್ಲಿಯನ್ನು 45 ಡಿಗ್ರಿ ಓರೆ ಹಿಡಿದು, ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟ್ಲಿಯನ್ನೇ ತಿರುಗಿಸಿ. 'ಉಸ್' ಅನ್ನಬೇಕು, 'ಢಮಾರ್' ಅನ್ನಬಾರದು. ಢಮಾರ್ ಅಂದ ಬಿರಡೆ ಕಣ್ಣಿಗೆ ಬಡಿದು ದೃಷ್ಟಿ ಕಳೆದುಕೊಂಡವರಿದ್ದಾರೆ, ಕಣ್ಣಿನ ಡಾಕ್ಟರುಗಳು ಇದನ್ನು ಹೇಳುತ್ತಲೇ ಇರುತ್ತಾರೆ. ಆದರೆ ಉಸ್ ಅಂದರೆ ರೀಲ್ಸ್‌ಗೆ ಆಗುವುದಿಲ್ಲವಲ್ಲ.

ನಗುವುದು ಇಷ್ಟಕ್ಕೇ ಸಾಕು. ನಂದಿ ಬೆಟ್ಟದ ಸುತ್ತ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವವರು ಸಾವಿರದಿನ್ನೂರು ಅಡಿ ಕೊರೆದು ನೀರು ತೆಗೆದು, ಬೂಜು ರೋಗಕ್ಕೆ ಔಷಧಿ ಹೊಡೆದು, ಆಲಿಕಲ್ಲಿಗೆ ಹೆದರಿ ಬದುಕುತ್ತಿದ್ದಾರೆ. 2007ರಲ್ಲಿ ರಾಜ್ಯಕ್ಕೊಂದು ವೈನ್ ನೀತಿ ಬಂತು, ಆಮೇಲೆ ದ್ರಾಕ್ಷಿಗೆ ಈ ಸೀಮೆಯದೇ ಬೆಳೆ ಅನ್ನುವ ಜಿಐ ಟ್ಯಾಗ್ ಬಂತು. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಅದೇ ದ್ರಾಕ್ಷಿ ತೋಟದಲ್ಲೇ ಕೊಳೆಯಿತು. ಆ ದ್ರಾಕ್ಷಿಯ ಗಾಢ ವಾಸನೆ ಸ್ಪಾರ್ಕ್ಲಿಂಗಿಗೆ ಒಗ್ಗದು, ನಿಜ. ಅದಕ್ಕೆ ಬೇಕಾದ ಶಾರ್ಡನೇಯೋ ಶೆನಿನ್ ಬ್ಲಾಂಕೋ ದ್ರಾಕ್ಷಿ ತೋಟಕ್ಕೆ ಹಾಕಿ, ಹುಳಿ ಇರುವಾಗಲೇ ಕೊಯ್ಯಬೇಕು. ಹಾಕಿದರೆ ಕೊಳ್ಳುವವರು ಯಾರು ಅಂತ ಒಬ್ಬ ಅಣ್ಣನೂ ವಿಧಾನಸೌಧದಲ್ಲಿ ಬಾಯಿ ಬಿಡುವುದಿಲ್ಲ. ನಂದಿಯ ತಪ್ಪಲಲ್ಲೇ ಹುಟ್ಟಿದ ಗ್ರೋವರ್ ಕಂಪನಿ ಕೂಡ ತನ್ನ ಸ್ಪಾರ್ಕ್ಲಿಂಗ್ ಮಾಡಿಸುವುದು ನಾಸಿಕದ ಕಡೆ. ರೈತನ ಮನೆ ಮುಂದೆ ಅಣ್ಣ ಕಾರು ನಿಲ್ಲಿಸುವುದು ಚುನಾವಣೆಗೆ ಮಾತ್ರ, ಹುಟ್ಟುಹಬ್ಬಕ್ಕೆ ಚಂದಾ ಕೇಳುವುದಕ್ಕೆ ಹುಡುಗರನ್ನು ಕಳಿಸುತ್ತಾರೆ. ಸಾಕಾಗಿದೆ.

ಇಷ್ಟಾದ ಮೇಲೂ ಎರಚಲೇಬೇಕು ಅನ್ನುವವರು ತಣ್ಣಗಿಲ್ಲದ ಸಾದಾ ಸೋಡಾ ತನ್ನಿ. ಪ್ಲಾಸ್ಟಿಕ್ ಬಾಟ್ಲಿಯಾಗಿರಲಿ, ಗಾಜಿನದು ಬೇಡ. ಹೆಬ್ಬೆರಳಲ್ಲಿ ಬಾಯಿ ಮುಚ್ಚಿ ನಾಲ್ಕು ಸಲ ಕುಲುಕಿ, ಸಂದಿ ಬಿಟ್ಟರೆ ಹತ್ತು ಅಡಿ ಹಾರುತ್ತದೆ. ಕ್ಯಾಮೆರಾಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಸಕ್ಕರೆಯೂ ಇಲ್ಲ, ಅಣ್ಣನ ಬಿಳಿ ಅಂಗಿಗೆ ಇರುವೆ ಹತ್ತುವುದಿಲ್ಲ.