ಸ್ಪಷ್ಟನೆ: ಲಿವರ್ ಎಂಆರ್‌ಐಗೆ ಎದೆ ತುಂಬಾ ಉಸಿರೆಳೆದು ಹಿಡಿಯಲೇಬೇಕೇ?

‘ಲಿವರ್ ಎಂಆರ್‌ಐಗೆ ಎದೆ ತುಂಬಾ ಉಸಿರೆಳೆದು ಹಿಡಿಯಬೇಕು, ಆಗದವರಿಗೆ ಸ್ಕ್ಯಾನ್ ಮಾಡಿಸಿ ಪ್ರಯೋಜನವಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಎರಡು ಮಾತೂ ತಪ್ಪು.

ಸಾಧಾರಣ ಉಸಿರಾಟದಲ್ಲೇ ಲಿವರ್ ಸುಮಾರು 1ರಿಂದ 2 ಸೆಂ.ಮೀ. ಮೇಲೆ ಕೆಳಗೆ ಜಾರುತ್ತದೆ. ಎಳೆದುಕೊಳ್ಳುವ ಉಸಿರು ಪ್ರತಿ ಸಲವೂ ಒಂದೇ ಅಳತೆಯಲ್ಲಿರುವುದಿಲ್ಲ. ಸಹಜವಾಗಿ ಉಸಿರು ಬಿಟ್ಟಾಗ ಮಾತ್ರ ಡಯಾಫ್ರಂ (ಎದೆ, ಹೊಟ್ಟೆಗಳ ನಡುವಿನ ಸ್ನಾಯು) ಹೆಚ್ಚುಕಡಿಮೆ ಅದೇ ಜಾಗಕ್ಕೆ ಮರಳುತ್ತದೆ. ಹಾಗಾಗಿ, ಸಾಧ್ಯವಿರುವವರು ಉಸಿರು ಬಿಟ್ಟು ಹಿಡಿಯುವುದೇ ಮೇಲು. 15 ಸೆಕೆಂಡ್ ತಡೆಯಲಾಗದಿದ್ದರೆ ಸ್ಲೈಸ್ (ಚಿತ್ರದ ಪ್ರತಿ ಪದರ) ದಪ್ಪ ಮಾಡಿ, ಪ್ಯಾರಲಲ್ ಇಮೇಜಿಂಗ್ (ಹಲವು ಕಾಯಿಲ್ ಬಳಸಿ ಕಡಿಮೆ ಮಾಹಿತಿಯಲ್ಲೇ ಚಿತ್ರ ಕಟ್ಟುವ ವಿಧಾನ) ಹೆಚ್ಚಿಸಿ ಅವಧಿ ಇಳಿಸಬಹುದು.

ಅದೂ ಆಗದಿದ್ದರೆ ಟಿ2 ಚಿತ್ರಗಳಿಗೆ (ನೀರಿನಂಶ ಹೊಳೆದು ಕಾಣುವ ಬಗೆ) ನ್ಯಾವಿಗೇಟರ್ ಇದೆ: ಡಯಾಫ್ರಂನ ಚಲನೆ ಗಮನಿಸಿ, ಅದು ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ಚಿತ್ರ ತೆಗೆಯಲು ಸೂಚನೆ (ಟ್ರಿಗರ್) ಕೊಡುವ ವ್ಯವಸ್ಥೆ. ಅದನ್ನು ಬಲಗಡೆ ಡಯಾಫ್ರಂನ ಗುಮ್ಮಟದ ಮೇಲೆ, ಅರ್ಧ ಲಿವರ್, ಅರ್ಧ ಶ್ವಾಸಕೋಶ ಬರುವಂತೆ ಇಡಬೇಕು. ಹೃದಯದ ಕಡೆ ಸರಿದರೆ ಬಡಿತವೂ ಸಿಗ್ನಲ್‌ನಲ್ಲಿ ಬೆರೆತು ಟ್ರಿಗರ್ ತಪ್ಪುತ್ತದೆ. ಡಯಾಫ್ರಂನ ಜಾಗದಲ್ಲಿ ಒಪ್ಪಿಕೊಳ್ಳುವ ಅಂತರ ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸು; ಕಿರಿದು ಮಾಡಿದಷ್ಟೂ ಚಿತ್ರ ಸ್ಪಷ್ಟ, ಸ್ಕ್ಯಾನ್ ಉದ್ದ. ಉಸಿರಾಟ ಏರುಪೇರಾದರೆ ಅದು ಇನ್ನೂ ಎಳೆಯುತ್ತದೆ.

ನಿಜವಾದ ತೊಡಕು ಕಾಂಟ್ರಾಸ್ಟ್‌ನ ಆರ್ಟೀರಿಯಲ್ ಹಂತದಲ್ಲಿ, ಅಂದರೆ ರಕ್ತನಾಳಕ್ಕೆ ಚುಚ್ಚಿದ ಕಾಂಟ್ರಾಸ್ಟ್ ಔಷಧ ಅಪಧಮನಿಗಳ ಮೂಲಕ ಲಿವರ್ ಸೇರುವ ಹೊತ್ತಿನಲ್ಲಿ. ಅದು ಕೆಲವೇ ಸೆಕೆಂಡುಗಳದ್ದು, ಟ್ರಿಗರ್‌ಗಾಗಿ ಕಾಯುವುದಿಲ್ಲ. ಅಲ್ಲಿ ಉಸಿರಾಡುತ್ತಲೇ ತೆಗೆಯುವ ರೇಡಿಯಲ್ ವಿಧಾನ (ಮಾಹಿತಿಯನ್ನು ಚಕ್ರದ ಅರೆಗಳಂತೆ ಕಲೆಹಾಕುವುದು) ನೆರವಾಗುತ್ತದೆ: ಅಲುಗಾಟ ನೆರಳುಚಿತ್ರಗಳಾಗಿ ಲಿವರ್ ಮೇಲೆ ಬೀಳದೆ, ತೆಳು ಗೆರೆಗಳಾಗಿ ಚದುರುತ್ತದೆ.