ಕಾಸ್ತೆಲ್ ದೆಲ್ ಮೊಂತೆ: ಎಂಟರ ಲೆಕ್ಕದಲ್ಲಿ ಮರೆತುಹೋದ ಮೂವರು

ದಕ್ಷಿಣ ಇಟಲಿಯ ಪೂಲಿಯಾ ಪ್ರಾಂತ್ಯದಲ್ಲಿ, ಆಂದ್ರಿಯಾ ಪಟ್ಟಣದಿಂದಾಚೆ ಸುಮಾರು 540 ಮೀಟರ್ ಎತ್ತರದ ಗುಡ್ಡದ ಮೇಲಿರುವ ಕಾಸ್ತೆಲ್ ದೆಲ್ ಮೊಂತೆ ಕೋಟೆಯ ಬಗ್ಗೆ ಯಾರೇ ಬರೆದರೂ ಎಂಟರ ಲೆಕ್ಕದಿಂದಲೇ ಆರಂಭಿಸುತ್ತಾರೆ. ಕಟ್ಟಡ ಅಷ್ಟಕೋನ, ಮೂಲೆಗೊಂದರಂತೆ ಇರುವ ಎಂಟು ಬುರುಜುಗಳೂ ಅಷ್ಟಕೋನ, ನಡುವಿನ ಅಂಗಳವೂ ಅಷ್ಟಕೋನ, ಎರಡು ಅಂತಸ್ತುಗಳಲ್ಲಿ ಎಂಟೆಂಟು ಕೋಣೆಗಳು. ಇಷ್ಟು ಸಿಕ್ಕ ಮೇಲೆ ಕೇಳಬೇಕೆ? ಇದು ನಕ್ಷತ್ರ ನೋಡುವ ಜಾಗವೆಂದೂ, ಏಸುವಿನ ಪವಿತ್ರ ಪಾತ್ರೆಯನ್ನು ಬಚ್ಚಿಟ್ಟ ತಾಣವೆಂದೂ ಕಥೆಗಳು ಹುಟ್ಟಿಕೊಂಡಿವೆ. ಆ ಕಥೆಗಳಿಗಿಂತ ದಾಖಲೆಯಲ್ಲಿರುವ ಚರಿತ್ರೆಯೇ ಹೆಚ್ಚು ಗಾಢವಾಗಿದೆ ಎಂಬುದು ನನ್ನ ಅಭಿಪ್ರಾಯ.

ಕೋಟೆಯನ್ನು ಕಟ್ಟಿಸಿದ ಪವಿತ್ರ ರೋಮನ್ ಚಕ್ರವರ್ತಿ ಎರಡನೆಯ ಫ್ರೆಡರಿಕ್ 1240ರ ಜನವರಿ 29ರಂದು ಗುಬ್ಬಿಯೊ ಪಟ್ಟಣದಿಂದ ಕಪಿತಾನಾತಾ ಸೀಮೆಯ ಅಧಿಕಾರಿಗೆ ಕಳಿಸಿದ ಆಜ್ಞೆ ಉಳಿದುಬಂದಿದೆ. ಸಾಂತಾ ಮರಿಯಾ ದೆಲ್ ಮೊಂತೆ ಚರ್ಚಿನ ಬಳಿಯ ಕೋಟೆಗೆ ಸುಣ್ಣ, ಕಲ್ಲು ಮೊದಲಾದ ಸಾಮಗ್ರಿಯನ್ನು ತಡಮಾಡದೆ ಒದಗಿಸಬೇಕೆಂಬ ಆ ಪತ್ರ ಇಂದಿನ ಲೋಕೋಪಯೋಗಿ ಇಲಾಖೆಯ ಸುತ್ತೋಲೆಯಷ್ಟೇ ಒಣಕಲು. ಕಟ್ಟಿದವರ ಜಾಣ್ಮೆ ಕಾಣುವುದು ಬೇರೆ ಕಡೆ: ಮಳೆನೀರನ್ನು ಬುರುಜುಗಳ ಮೇಲಿನ ತೊಟ್ಟಿಗಳಲ್ಲಿ ಹಿಡಿದು ಶೌಚದ ಕೋಣೆಗಳಿಗೆ ಹರಿಸುವ ವ್ಯವಸ್ಥೆ ಅಲ್ಲಿತ್ತು. ಸುತ್ತ ಕಂದಕವಿಲ್ಲದ್ದರಿಂದ ಇದನ್ನು ಬೇಟೆಯ ಅರಮನೆ ಎನ್ನುವವರಿದ್ದಾರೆ. ಗಿಡುಗಗಳಿಂದ ಬೇಟೆಯಾಡುವ ವಿದ್ಯೆಯ ಕುರಿತು ಗ್ರಂಥವನ್ನೇ ಬರೆದ ದೊರೆಗೆ ಅದು ಒಪ್ಪುವ ಮಾತೇ.

ಫ್ರೆಡರಿಕ್ 1250ರಲ್ಲಿ ತೀರಿಕೊಂಡ. ಅವನ ಮಗ ಮಾನ್‌ಫ್ರೆಡ್ 1266ರಲ್ಲಿ ಬೆನೆವೆಂತೊ ಕಾಳಗದಲ್ಲಿ ಅವನ ರಾಜ್ಯವನ್ನು ಕಸಿಯಲು ಬಂದ ಫ್ರೆಂಚ್ ರಾಜಕುಮಾರ, ಆಂಜುವಿನ ಚಾರ್ಲ್ಸ್‌ನ ಸೈನ್ಯದ ಎದುರು ಮಡಿದಾಗ, ಅವನ ಪುಟ್ಟ ಗಂಡುಮಕ್ಕಳಾದ ಎನ್ರಿಕೊ, ಫೆದೆರಿಕೊ ಮತ್ತು ಎಂತ್ಸೊ ಗೆದ್ದವರ ಕೈಗೆ ಸಿಕ್ಕಿದರು. ಅಜ್ಜ ಕಟ್ಟಿಸಿದ ಇದೇ ಕೋಟೆ ಮೊಮ್ಮಕ್ಕಳಿಗೆ ಸೆರೆಮನೆಯಾಯಿತು. ಅವರನ್ನು ಅಲ್ಲಿಂದ ನೇಪಲ್ಸ್‌ನ ಮತ್ತೊಂದು ಕೋಟೆಗೆ ಸಾಗಿಸಿದ್ದು 1299ರಲ್ಲಿ, ಅಂದರೆ ಮಕ್ಕಳಾಗಿ ಒಳಹೋದವರು ನಡುವಯಸ್ಸು ಹತ್ತಿರ ಬಂದಾಗ. ಎನ್ರಿಕೊ 1318ರಲ್ಲಿ ಅಲ್ಲಿಯೇ ಸತ್ತ. ಅವರ ಸೋದರಿ ಬೆಯಾತ್ರಿಚೆಗೆ ಮಾತ್ರ 1284ರಲ್ಲಿ, ಚಾರ್ಲ್ಸ್‌ನ ಮಗ ಎದುರಾಳಿಗಳಾದ ಸ್ಪೇನಿನ ಅರಗಾನ್ ರಾಜ್ಯದ ಪಕ್ಷಕ್ಕೆ ಸೆರೆಸಿಕ್ಕಾಗ, ಬಿಡುಗಡೆ ದೊರೆಯಿತು. ಅದೇ ಹೊತ್ತಿಗೆ ಹುಡುಗರನ್ನೇಕೆ ಬಿಡಿಸಿಕೊಳ್ಳಲಿಲ್ಲ? ಮಾನ್‌ಫ್ರೆಡ್‌ನ ಹಿರಿಯ ಮಗಳು ಕೊಸ್ತಾಂತ್ಸಾಳ ಹಕ್ಕಿನ ಮೇಲೆ ಅವಳ ಗಂಡ, ಅರಗಾನ್ ದೊರೆ, ಸಿಸಿಲಿಯನ್ನು ಆಳುತ್ತಿದ್ದ. ಗಂಡುಮಕ್ಕಳು ಹೊರಬಂದರೆ ಆ ಹಕ್ಕಿಗೇ ಸಂಚಕಾರ. ಶತ್ರು ಬೀಗ ಹಾಕಿದ, ನಂಟರು ಕೀಲಿ ಕೇಳಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಮುಂದೆ ಕೋಟೆ ಪಾಳುಬಿತ್ತು. ಅಮೃತಶಿಲೆಯನ್ನು ಕಿತ್ತೊಯ್ದರು, ಕುರುಬರು ಆಶ್ರಯ ಪಡೆದರು. 1876ರಲ್ಲಿ ಇಟಲಿ ಸರ್ಕಾರ ಅದನ್ನು 25,000 ಲೀರಾಗಳಿಗೆ ಕೊಂಡಿತು. ಈಗ ಅದು ಇಟಲಿಯ ಒಂದು ಸೆಂಟಿನ ನಾಣ್ಯದ ಮೇಲಿದೆ. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಯುನೆಸ್ಕೊ ಹೊಗಳಿದ್ದೂ ಅದರ ಗಣಿತ ಮತ್ತು ಖಗೋಳದ ನಿಖರತೆಯನ್ನೇ. ಆ ಹೊಗಳಿಕೆಗೆ ನನ್ನ ಆಕ್ಷೇಪವಿಲ್ಲ. ಎಂಟು ಬುರುಜುಗಳ ಗೂಢಾರ್ಥಕ್ಕೆ ಪುಟಗಟ್ಟಲೆ ಮೀಸಲಿಡುವವರು ಎನ್ರಿಕೊ, ಫೆದೆರಿಕೊ, ಎಂತ್ಸೊ ಎಂಬ ಹೆಸರುಗಳನ್ನೂ ಬರೆಯಲಿ ಎಂದಷ್ಟೇ ಕೇಳುತ್ತಿದ್ದೇನೆ.