ನುಕ್‌ನೆಖ್, ಅಂದರೆ ಏನ್ ಬೇಕಿತ್ತು?

ಕಳೆದ ತಿಂಗಳು ಒಂದು ಪ್ರಮಾಣಪತ್ರಕ್ಕಾಗಿ ಕಚೇರಿಯೊಂದರ ಕೌಂಟರಿನ ಮುಂದೆ ನಿಂತಿದ್ದೆ. ಒಳಗಿದ್ದವರು ತಲೆ ಎತ್ತಲಿಲ್ಲ. ನಮಸ್ಕಾರ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಕಡತದ ಒಳಗಿನಿಂದಲೇ ದನಿಯೊಂದು ಎದ್ದು ಬಂತು: "ಏನ್ ಬೇಕಿತ್ತು?" ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೈ ಜುಮ್ಮೆಂದಿತು. ಈ ಪುಣ್ಯಾತ್ಮರು ನನ್ನೊಡನೆ ಅಪ್ಪಟ ಕ್ಲಿಂಗನ್ ಸಂಪ್ರದಾಯದಲ್ಲಿ ಮಾತಾಡುತ್ತಿದ್ದಾರೆ ಎಂದು ಹೊಳೆಯಿತು.

ಕ್ಲಿಂಗನ್ ಭಾಷೆಯಲ್ಲಿ ನಮಸ್ಕಾರಕ್ಕೆ ಪದವಿಲ್ಲ. ಎದುರಿಗೆ ಸಿಕ್ಕವರನ್ನು ಅವರು ಮಾತಾಡಿಸುವುದೇ "ನುಕ್‌ನೆಖ್" ಎಂದು. ಅರ್ಥ: ಏನು ಬೇಕು ನಿನಗೆ? ಏನೂ ಬೇಡದಿದ್ದರೆ ಬಂದದ್ದಾದರೂ ಯಾಕೆ ಎಂಬುದು ಅದರ ಒಳಾರ್ಥ. ಈ ಶಿಷ್ಟಾಚಾರವನ್ನು ಅಮೆರಿಕದ ಭಾಷಾವಿಜ್ಞಾನಿಯೊಬ್ಬರು ತಲೆ ಕೆರೆದುಕೊಂಡು ಕಲ್ಪಿಸಿಕೊಂಡರಂತೆ. ನಮ್ಮ ಯಾವುದಾದರೂ ತಾಲ್ಲೂಕು ಕಚೇರಿಗೆ ಬಂದಿದ್ದರೆ ಅಷ್ಟು ಶ್ರಮ ಬೇಕಿರಲಿಲ್ಲ.

ಕ್ಲಿಂಗನ್ನರು ಯಾರೆಂದು ಗೊತ್ತಿಲ್ಲದವರಿಗಾಗಿ ಕಿರುಪರಿಚಯ. 1967ರಲ್ಲಿ 'ಸ್ಟಾರ್ ಟ್ರೆಕ್' ಎಂಬ ಅಮೆರಿಕನ್ ಧಾರಾವಾಹಿಯಲ್ಲಿ ಖಳರಾಗಿ ಹುಟ್ಟಿದ, ಬೇರೆ ಗ್ರಹದ ಯೋಧ ಕುಲ ಇದು. ಶೀತಲ ಸಮರದ ಕಾಲ ನೋಡಿ, ಸೋವಿಯತ್ ರಷ್ಯಾವನ್ನು ನೇರವಾಗಿ ಬೈಯುವ ಬದಲು ಆಕಾಶಕ್ಕೆ ಎತ್ತಿ ಬೈದರು. ಇವರು ತಿನ್ನುವುದು ಜೀವಂತ ಹುಳು. ಅದರ ಹೆಸರು ಗಾಗ್, ತಟ್ಟೆಯಲ್ಲಿ ಹರಿದಾಡುತ್ತಿದ್ದರೇ ರುಚಿಯಂತೆ. ಕುಡಿಯುವುದು ರಕ್ತಮದ್ಯ. ಹಡಗಿನ ಕ್ಯಾಪ್ಟನ್ ಹೇಡಿಯಾದರೆ ಅವನ ಕೈಕೆಳಗಿನವನೇ ಅವನನ್ನು ಮುಗಿಸಿ ಕುರ್ಚಿ ಏರಬೇಕು. ಅದು ದ್ರೋಹವಲ್ಲ, ಕರ್ತವ್ಯ. ಹೀಗಾಗಿ ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೂ ಇಲ್ಲ, ರೆಸಾರ್ಟೂ ಇಲ್ಲ. ಯೋಧ ಸತ್ತರೆ ಆಕಾಶದತ್ತ ಮುಖ ಮಾಡಿ ಅರಚುತ್ತಾರೆ. ಅಳುವುದಲ್ಲ ಅದು, 'ಎಚ್ಚರ, ಒಬ್ಬ ಕ್ಲಿಂಗನ್ ಬರುತ್ತಿದ್ದಾನೆ' ಎಂದು ಪರಲೋಕದವರಿಗೆ ಕೊಡುವ ನೋಟಿಸು. ದೇವರುಗಳೂ ಇದ್ದರಂತೆ. ಕಾಟ ಜಾಸ್ತಿಯಾಯಿತೆಂದು ಅವರನ್ನೂ ಕೊಂದರಂತೆ.

ದೇಹರಚನೆ ಇನ್ನೂ ಸೊಗಸು. ಎಂಟು ಕೋಣೆಯ ಹೃದಯ, ಇಪ್ಪತ್ಮೂರು ಪಕ್ಕೆಲುಬು, ಎರಡು ಯಕೃತ್ತು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಪ್ರಕೃತಿಯೇ ಮಾಡಿಕೊಟ್ಟ ಸ್ಟೆಪ್ನಿ ವ್ಯವಸ್ಥೆ. (ಎರಡು ಯಕೃತ್ತಿನ ಸುದ್ದಿ ನಮ್ಮ ಅಬಕಾರಿ ಇಲಾಖೆಗೆ ಮುಟ್ಟದಿರಲಿ, ಮುಂದಿನ ವರ್ಷದ ಗುರಿಯನ್ನು ಇಮ್ಮಡಿ ಮಾಡಿಬಿಡುತ್ತದೆ.) ಇಷ್ಟೆಲ್ಲ ಇದ್ದೂ 1992ರ ಒಂದು ಕಂತಿನಲ್ಲಿ ವೋರ್ಫ್ ಎಂಬ ಕ್ಲಿಂಗನ್ ಮಹಾಶೂರನ ಬೆನ್ನುಮೂಳೆ ಮುರಿಯುವುದು ಯುದ್ಧದಲ್ಲಲ್ಲ, ಗೋದಾಮಿನಲ್ಲಿ ಸರಕಿನ ಡಬ್ಬಿಯೊಂದು ಮೇಲೆ ಬಿದ್ದು. ಆಗ ತಿಳಿಯುತ್ತದೆ, ಕ್ಲಿಂಗನ್ನರಲ್ಲಿ ಇಂಥ ಗಾಯಕ್ಕೆ ಚಿಕಿತ್ಸೆಯೇ ಬೆಳೆದಿಲ್ಲ ಎಂದು. ಗಾಯಗೊಂಡವನು ಗೌರವದಿಂದ ಸಾಯಬೇಕಾದವನು, ಅವನಿಗೆ ಔಷಧ ಯಾಕೆ? ಅಂಗ ಎರಡೆರಡು, ಆಸ್ಪತ್ರೆ ಸೊನ್ನೆ.

ಹಣೆಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. 1967ರಲ್ಲಿ ಇವರ ಹಣೆ ನಿಮ್ಮ ನನ್ನ ಹಣೆಯಂತೆ ನುಣುಪಾಗಿತ್ತು, ಯಾಕೆಂದರೆ ಮೇಕಪ್ಪಿಗೆ ದುಡ್ಡಿರಲಿಲ್ಲ. 1979ರಲ್ಲಿ ಸಿನಿಮಾ ಬಂತು, ದುಡ್ಡು ಬಂತು, ಹಣೆಯ ಮೇಲೆ ಉತ್ತ ಗದ್ದೆಯಂಥ ಏಣುಗಳೂ ಬಂದವು. ಒಂದು ಇಡೀ ಜನಾಂಗದ ತಲೆಬುರುಡೆ ಹನ್ನೆರಡು ವರ್ಷದಲ್ಲಿ ಬದಲಾದದ್ದು ಹೇಗೆ? 1996ರ ಕಂತೊಂದರಲ್ಲಿ ಯಾರೋ ಈ ಪ್ರಶ್ನೆ ಕೇಳಿಯೇ ಬಿಟ್ಟರು. ಅದೇ ವೋರ್ಫ್ ಮುಖ ಬಿಗಿದು, ಹೊರಗಿನವರ ಜೊತೆ ಆ ವಿಷಯ ಚರ್ಚಿಸುವುದಿಲ್ಲ ಎಂದ. ಮಾಹಿತಿ ಹಕ್ಕಿನ ಅರ್ಜಿಗೆ ಇಷ್ಟು ಚೊಕ್ಕವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ 2005ರಲ್ಲಿ ಎರಡು ಕಂತು ಖರ್ಚು ಮಾಡಿ, ಎಡವಟ್ಟಾದ ಒಂದು ಪ್ರಯೋಗದಿಂದ ವೈರಸ್ ಹರಡಿ ಏಣುಗಳು ಕರಗಿದ್ದವು ಎಂದು ಸ್ಪಷ್ಟನೆ ಕೊಟ್ಟರು. ಮೂವತ್ತೆಂಟು ವರ್ಷ ತಡವಾದರೂ ಉತ್ತರ ಬಂತಲ್ಲ, ಅದು ದೊಡ್ಡದು.

ತಂತ್ರಜ್ಞಾನದಲ್ಲಿ ಇವರ ಹೆಮ್ಮೆ ಎಂದರೆ ಇಡೀ ಯುದ್ಧನೌಕೆಯನ್ನು ಮಾಯ ಮಾಡುವ ಯಂತ್ರ. ಎದುರೆದುರು ನಿಂತು ಕಾದಾಡಿ ಸಾಯುವುದೇ ಗೌರವ ಎಂದು ದಿನಕ್ಕೆ ಮೂರು ಸಲ ಎದೆ ಬಡಿದುಕೊಳ್ಳುವವರು ಹಡಗು ಹತ್ತಿದ ಕೂಡಲೇ ಅಡಗಿಕೊಳ್ಳುತ್ತಾರೆ. ಆ ಯಂತ್ರವೂ ಸ್ವಂತದ್ದಲ್ಲ, ರೊಮುಲನ್ನರೆಂಬ ನೆರೆಯವರಿಂದ ಬಂದದ್ದಂತೆ. ಅಡಗಿದಾಗ ಗುಂಡು ಹಾರಿಸುವಂತಿಲ್ಲ, ಹಾರಿಸಬೇಕಾದರೆ ಕಾಣಿಸಿಕೊಳ್ಳಲೇಬೇಕು. ಕೈ ಆಯುಧ ಬ್ಯಾಟ್‌ಲೆತ್, ಕುಡುಗೋಲಿಗೂ ಎತ್ತಿನ ಕೊಂಬಿಗೂ ಮದುವೆ ಮಾಡಿಸಿದಂಥ ಕತ್ತಿ. 2009ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಮುಸುಕುಧಾರಿಯೊಬ್ಬ ನಿಜಕ್ಕೂ ಅದನ್ನೇ ಹಿಡಿದು ಎರಡು ಅಂಗಡಿ ದೋಚಲು ಹೊರಟ. ಮೊದಲನೆಯ ಅಂಗಡಿಯವರು ದುಡ್ಡು ಕೊಟ್ಟರು, ಎರಡನೆಯವರು ಕೊಡುವುದಿಲ್ಲ ಎಂದರು, ಇವನು ಹೊರಟುಹೋದ. ಕ್ಲಿಂಗನ್ ಗೌರವಕ್ಕೆ ಅಂದು ಆದ ಪೆಟ್ಟು ಬೆನ್ನುಮೂಳೆಯದಕ್ಕಿಂತ ದೊಡ್ಡದು.

ಇಲ್ಲಿಯವರೆಗೆ ಎಲ್ಲ ತಮಾಷೆ. ಇನ್ನು ಗಂಭೀರ ವಿಷಯ. ಅಂದರೆ ಇನ್ನೂ ದೊಡ್ಡ ತಮಾಷೆ.

ಈ ಕುಲಕ್ಕೊಂದು ಭಾಷೆ ಬೇಕೆಂದು ಸಿನಿಮಾದವರಿಗೆ ಅನ್ನಿಸಿತು. ಮಾರ್ಕ್ ಒಕ್ರಾಂಡ್ ಎಂಬ ಭಾಷಾವಿಜ್ಞಾನಿಯನ್ನು ಕರೆಸಿದರು. 1984ರ ಚಿತ್ರಕ್ಕೆ ಅವರು ವ್ಯಾಕರಣ ಕಟ್ಟಿದರು, 1985ರಲ್ಲಿ ನಿಘಂಟು ಬಂತು, ಲಕ್ಷಗಟ್ಟಲೆ ಮಾರಾಟವಾಯಿತು. ಮನುಷ್ಯರ ಭಾಷೆಯಂತೆ ಕೇಳಬಾರದೆಂಬುದು ಅವರ ಹಟ. ಅದಕ್ಕಾಗಿ ನಮ್ಮ ಟವರ್ಗದಿಂದ ಡಕಾರವನ್ನು ಮಾತ್ರ ಎತ್ತಿಕೊಂಡು ಟಕಾರವನ್ನು ಬಿಟ್ಟರು. ಕರ್ಮ ಮೊದಲು, ಕ್ರಿಯೆ ಆಮೇಲೆ, ಕರ್ತೃ ಕೊನೆಗೆ ಎಂದು ವಾಕ್ಯವನ್ನೇ ತಲೆಕೆಳಗು ಮಾಡಿದರು. 'ಶತ್ರುವ ಕೊಂದನು ವೀರ' ಎಂಬ ಹಾಗೆ. ಇಂಗ್ಲಿಷಿನವರಿಗೆ ಇದು ಅನ್ಯಗ್ರಹದ ಮಾತು, ನಮಗೆ ಷಟ್ಪದಿ. ಒಂದು ಪದದ ಬಾಲಕ್ಕೆ ನಾಲ್ಕಾರು ಪ್ರತ್ಯಯ ಅಂಟಿಸುವುದೂ ಇದೆ. 'ಬರಬೇಕಾಗಿತ್ತಲ್ಲವೇನೋ' ಎಂದು ಒಂದೇ ಉಸಿರಿಗೆ ಹೇಳುವವರಿಗೆ ಅದೇನು ಮಹಾ.

'ಇರು' ಎಂಬ ಕ್ರಿಯಾಪದವನ್ನೂ ಬೇಕೆಂದೇ ಕೈಬಿಟ್ಟಿದ್ದರು. ಅದು 1991ರಲ್ಲಿ ಕುತ್ತಿಗೆಗೆ ಬಂತು. ಆ ವರ್ಷದ ಚಿತ್ರದಲ್ಲಿ ಕ್ಲಿಂಗನ್ ಸೇನಾನಿ ಹ್ಯಾಮ್ಲೆಟ್‌ನ 'ಇರುವುದೋ ಇಲ್ಲದಿರುವುದೋ' ಮಾತು ಹೇಳಬೇಕು, ಭಾಷೆಯಲ್ಲಿ 'ಇರು' ಇಲ್ಲ. ಕೊನೆಗೆ 'ಮುಂದುವರಿಯುವುದೋ ಬೇಡವೋ' ಎಂಬರ್ಥದಲ್ಲಿ ತೇಪೆ ಹಾಕಿದರು. ಅದೇ ಚಿತ್ರದಲ್ಲಿ ಅವರ ನಾಯಕ, ಶೇಕ್ಸ್‌ಪಿಯರನನ್ನು ಮೂಲ ಕ್ಲಿಂಗನ್‌ನಲ್ಲೇ ಓದಬೇಕು ಎನ್ನುತ್ತಾನೆ. ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಇಡೀ ಹ್ಯಾಮ್ಲೆಟ್ ನಾಟಕವನ್ನು ಕ್ಲಿಂಗನ್‌ಗೆ ತಂದು 1996ರಲ್ಲಿ ಅಚ್ಚು ಹಾಕಿಸಿ, ಇದೇ ಮೂಲ, ಇಂಗ್ಲಿಷಿನದು ನಕಲು ಎಂದು ಮುನ್ನುಡಿ ಬರೆದರು. ವಿಮಾನದಿಂದ ಪ್ಲಾಸ್ಟಿಕ್ ಸರ್ಜರಿವರೆಗೆ ಎಲ್ಲ ನಮ್ಮಲ್ಲೇ ಮೊದಲಿತ್ತು ಎನ್ನುವ ನಮ್ಮ ವಾಟ್ಸಾಪ್ ವಿದ್ವಾಂಸರಿಗೂ ಇವರಿಗೂ ಒಂದೇ ವ್ಯತ್ಯಾಸ. ತಾವು ಜೋಕು ಮಾಡುತ್ತಿದ್ದೇವೆಂದು ಅವರಿಗೆ ಗೊತ್ತು.

ಜೋಕು ಎಂದು ಗೊತ್ತಿಲ್ಲದವರು ಸರ್ಕಾರದಲ್ಲಿ ಸಿಕ್ಕರು. 2003ರಲ್ಲಿ ಒರೆಗಾನ್ ರಾಜ್ಯದ ಮಲ್ಟ್‌ನೋಮಾ ಜಿಲ್ಲಾಡಳಿತ, ಮಾನಸಿಕ ರೋಗಿಗಳಿಗೆ ದುಭಾಷಿಗಳು ಬೇಕಾಗಬಹುದಾದ ಭಾಷೆಗಳ ಪಟ್ಟಿ ಮಾಡಿತು. ಅದರಲ್ಲಿ ಕ್ಲಿಂಗನ್ ಕೂಡ! ಕ್ಲಿಂಗನ್ ಮಾತ್ರ ಆಡುವ ರೋಗಿ ಅಲ್ಲಿಯವರೆಗೆ ಒಬ್ಬನೂ ಬಂದಿರಲಿಲ್ಲ. ಆದರೆ ಬಂದರೆ? ಸುದ್ದಿ ಜಗತ್ತೆಲ್ಲ ಹಬ್ಬಿ ನಗೆಪಾಟಲಾದ ಮೇಲೆ ಹೆಸರು ತೆಗೆದರು. ತೆಗೆದದ್ದು ತಪ್ಪು ಎನ್ನುತ್ತೇನೆ ನಾನು. ಬಾರದ ರೋಗಿಗೂ ಅವನ ಭಾಷೆಯಲ್ಲಿ ಮಾತಾಡುವವರನ್ನು ಹುಡುಕಿಡುವ ಆಡಳಿತ ಎಲ್ಲಿ ಸಿಗುತ್ತದೆ ಹೇಳಿ. ಬಂದು ನಿಂತ ರೋಗಿಗೇ ಅವನ ಭಾಷೆಯಲ್ಲಿ ಚೀಟಿ ಸಿಗದ ಊರಿನವರು ನಾವು.

ಆಮೇಲೆ ಕೋರ್ಟು. 2015ರ ಡಿಸೆಂಬರಿನಲ್ಲಿ ಸ್ಟಾರ್ ಟ್ರೆಕ್‌ನ ಹಕ್ಕುದಾರರಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಕಂಪನಿಗಳು, ಅಭಿಮಾನಿಗಳು ದುಡ್ಡು ಕೂಡಿಸಿ ತೆಗೆಯುತ್ತಿದ್ದ ಒಂದು ಸಿನಿಮಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದವು. ನಮ್ಮಿಂದ ಕದ್ದದ್ದು ಎಂದು ಅವು ಕೊಟ್ಟ ಪಟ್ಟಿಯಲ್ಲಿ ಸಮವಸ್ತ್ರ, ಚೂಪು ಕಿವಿಗಳ ಜೊತೆ ಕ್ಲಿಂಗನ್ ಭಾಷೆಯೂ ಇತ್ತು. ಭಾಷೆಗೆ ಮಾಲೀಕರಿರಲು ಹೇಗೆ ಸಾಧ್ಯ ಎಂದು ಭಾಷೆ ಕಟ್ಟುವವರ ಸಂಘವೊಂದು ನ್ಯಾಯಾಲಯದ ಮುಂದೆ ಬಂತು. ಬಂದದ್ದು ಬರಿಗೈಯಲ್ಲಲ್ಲ, ಮನವಿಯೊಳಗೆ ಅಲ್ಲಲ್ಲಿ ಕ್ಲಿಂಗನ್ ವಾಕ್ಯಗಳನ್ನೇ ತುರುಕಿಕೊಂಡು ಬಂತು. ಕಂಪನಿಗಳ ವಾದ ಕೇಳಿ: ಭಾಷೆ ಇರುವುದು ಜನರೊಡನೆ ಮಾತಾಡಲಿಕ್ಕೆ, ಮಾತಾಡೋಣವೆಂದರೆ ಕ್ಲಿಂಗನ್ನರೇ ಇಲ್ಲ. ಅಂದರೆ ಆಡುವವರಿಲ್ಲ, ಆದ್ದರಿಂದ ಅದು ನಮ್ಮದು. ಕೆರೆಯಲ್ಲಿ ನೀರಿಲ್ಲ, ಆದ್ದರಿಂದ ಅದು ನಮ್ಮ ಲೇಔಟು ಎಂಬ ತರ್ಕ ನೆನಪಾದರೆ ಅದು ನನ್ನ ತಪ್ಪಲ್ಲ. 2017ರ ಜನವರಿಯಲ್ಲಿ ಎರಡೂ ಕಡೆಯವರು ರಾಜಿಯಾದರು. ಭಾಷೆ ಯಾರದ್ದೆಂಬ ಪ್ರಶ್ನೆ ಹಾಗೇ ಉಳಿಯಿತು.

ಈಗ ಕರುಬುವ ಸರದಿ ನನ್ನದು. ಮೈಕ್ರೋಸಾಫ್ಟ್‌ನ ಅನುವಾದ ಸೇವೆಗೆ ಕ್ಲಿಂಗನ್ ಸೇರಿದ್ದು 2013ರಲ್ಲಿ. ಅದೇ ಸೇವೆಗೆ ಕನ್ನಡ ಸೇರಿದ್ದು 2020ರಲ್ಲಿ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ, ಕ್ಲಿಂಗನ್ ಮಾತೃಭಾಷೆಯವರು ಸೊನ್ನೆ. (ಒಬ್ಬ ಅಮೆರಿಕನ್ ತಂದೆ ತನ್ನ ಮಗುವಿನೊಡನೆ ಮೂರು ವರ್ಷ ಕ್ಲಿಂಗನ್‌ನಲ್ಲೇ ಮಾತಾಡಿ ನೋಡಿದ. ಮಗು ಅಮ್ಮನ ಇಂಗ್ಲಿಷನ್ನೇ ಹಿಡಿಯಿತು. ಬೆಂಗಳೂರಿನ ಎಷ್ಟೋ ಕನ್ನಡದ ಅಪ್ಪಂದಿರಿಗೆ ಈ ನೋವು ಅರ್ಥವಾಗುತ್ತದೆ.) ಭಾಷೆ ಕಲಿಸುವ ಡ್ಯುಯೊಲಿಂಗೊ ಆ್ಯಪ್ 2018ರಲ್ಲಿ ಕ್ಲಿಂಗನ್ ಪಾಠ ಶುರು ಮಾಡಿದಾಗ ಅಲ್ಲಿ ಕನ್ನಡ ಪಾಠ ಇರಲಿಲ್ಲ. ಗೂಗಲ್ 2011ರಲ್ಲೇ ಕನ್ನಡವನ್ನು ಅನುವಾದಕ್ಕೆ ಸೇರಿಸಿತ್ತು, ಅದನ್ನು ಹೇಳದಿದ್ದರೆ ನ್ಯಾಯವಲ್ಲ. ಹತ್ತು ವರ್ಷದ ನಂತರ, 2021ರ ಜೂನಿನಲ್ಲಿ, ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಎಂದು ಕೇಳಿದವರಿಗೆ ಅದೇ ಗೂಗಲ್ ಕನ್ನಡ ಎಂದು ತೋರಿಸಿ ಕ್ಷಮೆ ಕೇಳಿದ್ದನ್ನೂ ಹೇಳದಿದ್ದರೆ ನ್ಯಾಯವಲ್ಲ. ಕಿವಿಗೆ ಕರ್ಕಶವಾಗಿರಲಿ ಎಂದೇ ಕಟ್ಟಿದ ಕ್ಲಿಂಗನ್‌ಗೆ ಆ ಮಾತು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬ್ಯಾಟ್‌ಲೆತ್ ಇದೆಯಲ್ಲ.

ಪದ ಬೇಕಾದರೆ ಅವರು ಹೇಗೆ ಪಡೆಯುತ್ತಾರೆ ಗೊತ್ತೇ? 1992ರಲ್ಲಿ ಶುರುವಾದ ಕ್ಲಿಂಗನ್ ಭಾಷಾ ಸಂಸ್ಥೆ ವರ್ಷಕ್ಕೊಂದು ಸಮ್ಮೇಳನ ನಡೆಸುತ್ತದೆ. ಇಂತಿಂಥ ಪದ ಬೇಕೆಂದು ಸದಸ್ಯರು ಪಟ್ಟಿ ಕೊಡುತ್ತಾರೆ, ಒಕ್ರಾಂಡ್ ಹೊಸ ಪದ ಕೊಡುತ್ತಾರೆ, ಮುಗಿಯಿತು. ನಮ್ಮದೂ ಸಮ್ಮೇಳನವೇ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸೇರಿದಾಗ ಪದಕ್ಕಿಂತ ಹೆಚ್ಚು ಚರ್ಚೆಯಾದದ್ದು ಬಾಡೂಟ. ಗಾಗ್ ತಿನ್ನುವವರ ಸಮ್ಮೇಳನದಲ್ಲಿ ಊಟದ ಜಗಳವಿಲ್ಲ, ಉಪ್ಪಿನಕಾಯಿ ತಿನ್ನುವವರ ಊರಲ್ಲಿ ಉಂಟು.

ಒಕ್ರಾಂಡರ ಬಗ್ಗೆ ಇನ್ನೊಂದು ಮಾತು. ಕ್ಲಿಂಗನ್‌ಗೆ ಕೈ ಹಾಕುವ ಮೊದಲು, 1977ರಲ್ಲಿ, ಅವರು ಬರ್ಕ್‌ಲಿಯಲ್ಲಿ ಪಿಎಚ್.ಡಿ. ಮಾಡಿದ್ದು ಮುತ್ಸುನ್ ಎಂಬ ಭಾಷೆಯ ವ್ಯಾಕರಣದ ಮೇಲೆ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆ ಅದು. ಅದನ್ನು ಸರಾಗವಾಗಿ ಆಡುತ್ತಿದ್ದ ಕೊನೆಯ ಅಜ್ಜಿ 1930ರಲ್ಲಿ ತೀರಿಕೊಂಡಿದ್ದರು. ಅಜ್ಜಿಯ ಬಾಯಿಂದ ಬರೆದುಕೊಂಡ ಟಿಪ್ಪಣಿಗಳಂಥ ಹಳೆಯ ಕಾಗದಗಳೇ ಆಧಾರ. ಅದೇ ಪಂಡಿತ, ಅದೇ ಪರಿಶ್ರಮ. ಸತ್ತುಹೋದ ನಿಜದ ಭಾಷೆಯ ವ್ಯಾಕರಣ ಗ್ರಂಥಾಲಯದ ಕಪಾಟು ಸೇರಿತು. ಹುಟ್ಟೇ ಇರದ ಭಾಷೆಯ ನಿಘಂಟು ವಿಮಾನ ನಿಲ್ದಾಣದ ಪುಸ್ತಕದಂಗಡಿ ಸೇರಿತು. ಮುತ್ಸುನ್ ಜನ ಈಗ ಆ ಟಿಪ್ಪಣಿಗಳನ್ನು ಹಿಡಿದು ಅಜ್ಜಿಯ ಮಾತನ್ನು ಮತ್ತೆ ಕಲಿಯುತ್ತಿದ್ದಾರೆ. ಅವರ ಹಣೆ ನುಣುಪಾಗಿದೆ, ಅದೇ ತೊಂದರೆ.

ನಮ್ಮಲ್ಲೂ ನುಣುಪು ಹಣೆಯವರಿದ್ದಾರೆ. 2011ರ ಜನಗಣತಿಯ ಪ್ರಕಾರ ತುಳು ಆಡುವವರು 18 ಲಕ್ಷದ ಮೇಲೆ, ಕೊಡವ ಆಡುವವರು ಒಂದು ಲಕ್ಷ ಚಿಲ್ಲರೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳು ಒಳಗೆ ಕೂತಿವೆ. ಹೊರಗೆ ಸಾಲಿನಲ್ಲಿ 38 ನಿಂತಿವೆ ಎಂದು ಕೇಂದ್ರ ಗೃಹ ಸಚಿವಾಲಯವೇ ಸಂಸತ್ತಿಗೆ ತಿಳಿಸಿದೆ. ತುಳು, ಕೊಡವ ಆ ಸಾಲಿನಲ್ಲಿವೆ. ಇಂಗ್ಲಿಷೂ ಇದೆ, ಪಾಪ, ಚೀಲ ಹಿಡಿದುಕೊಂಡು. ಒಳಗೆ ಹೋಗಲು ಅರ್ಹತೆ ಏನು? ಅದನ್ನು ಹುಡುಕಲು 1996ರಲ್ಲಿ ಪಾಹ್ವಾ ಸಮಿತಿ, 2003ರಲ್ಲಿ ಸೀತಾಕಾಂತ ಮಹಾಪಾತ್ರ ಸಮಿತಿ. ಆದರೂ ಮಾನದಂಡ ನಿಗದಿಯಾಗಲಿಲ್ಲ. ಭಾಷೆಗಳು ಬೆಳೆಯುತ್ತಲೇ ಇರುವುದರಿಂದ ಇಂಥದ್ದೇ ಮಾನದಂಡ ಎಂದು ಹಾಕುವುದು ಕಷ್ಟ ಎಂಬುದು ಸರ್ಕಾರದ ಉತ್ತರ. ಬೆಳೆಯುವುದು ನಿಲ್ಲಿಸಿದರೆ ಅಳೆಯುತ್ತಾರೇನೋ.

ಆದರೆ ಒಂದು ಯುದ್ಧದಲ್ಲಿ ತುಳು ಕ್ಲಿಂಗನ್ನರನ್ನು ಸೋಲಿಸಿದೆ, ಅದನ್ನು ದಾಖಲಿಸಲೇಬೇಕು. ಕ್ಲಿಂಗನ್ನರ ಪಿಕಾಡ್ ಲಿಪಿಯನ್ನು, ಜಗತ್ತಿನ ಲಿಪಿಗಳಿಗೆ ಕಂಪ್ಯೂಟರಿನಲ್ಲಿ ಜಾಗ ಕೊಡುವ ಯೂನಿಕೋಡ್‌ಗೆ ಸೇರಿಸಬೇಕೆಂಬ ಪ್ರಸ್ತಾಪ 1997ರಲ್ಲಿ ಹೋಯಿತು, 2001ರಲ್ಲಿ ತಿರಸ್ಕೃತವಾಯಿತು. ಆ ಭಾಷೆಯವರೇ ರೋಮನ್ ಲಿಪಿಯಲ್ಲಿ ಬರೆದುಕೊಳ್ಳುತ್ತಿರುವಾಗ ಈ ಲಿಪಿ ಯಾರಿಗೆ ಎಂದರು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ, ಯೂನಿಕೋಡ್ 16ನೇ ಆವೃತ್ತಿಯಲ್ಲಿ, ತಲೆ ಎತ್ತಿಕೊಂಡು ಒಳಗೆ ಹೋಯಿತು. ಹಡಗಿಲ್ಲ, ಕತ್ತಿಯಿಲ್ಲ, ಹಣೆಯಲ್ಲಿ ಏಣಿಲ್ಲ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಎಂದು ಬರೆದಿರುತ್ತಿದ್ದುದು ಹಳಬರಿಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ, ಸರಿ ಎಂದು ಹಿಂತಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತಿತ್ತು. ದಿಲ್ಲಿಯ ಬಾಗಿಲಿನ ಮೇಲೂ ಅದೇ ಎರಡು ಪದ ಇವೆ. ಇಷ್ಟು ದಿನ ಅದನ್ನು ಓದಿಕೊಂಡು ವಾಪಸಾಗುತ್ತಿದ್ದ ತುಳುವರಿಗೆ ಇನ್ನು ಮೇಲೆ ಅವರದೇ ಭಾಷೆಯಲ್ಲಿ, ಅವರದೇ ಲಿಪಿಯಲ್ಲಿ, ಕಂಪ್ಯೂಟರಿನಲ್ಲೇ ಟೈಪ್ ಮಾಡಿ ಅಂಟಿಸಬಹುದು: ಎಲ್ಲೆ ಬಲ.